ಹಳೇ ವಾಲ್ವು, ಹೊಸ ವಾಲ್ವು ಮತ್ತು ನಿನ್ನ ಕಿವಿ

ಬುಧವಾರ, ಊಟವಾದ ಮೇಲೆ
ಅಪ್ಪನ ವರ್ಕ್‌ಶಾಪಿನ ಹಿಂಬದಿ. ಸ್ಪೀಕರ್ ಪೆಟ್ಟಿಗೆಯೇ ಮೇಜು

ತೀರ್ಥರೂಪ ಸಮಾನಳೂ, ಕೋಪದಲ್ಲಿ ಅಮ್ಮನ ಸಮಾನಳೂ, ಫೋನು ಎತ್ತದಿರುವುದರಲ್ಲಿ ಯಾರಿಗೂ ಸಮಾನಳಲ್ಲದವಳೂ ಆದ ಅಕ್ಕನ ಸನ್ನಿಧಾನಕ್ಕೆ, ಮನೆಯ ಕಿರಿಯ ಕೋತಿಯ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟೆ. ಪೆನ್ನು ಒಪ್ಪಲಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಭಾನುವಾರ ಯಾರೋ ನಿನ್ನ ಗಿಟಾರ್ ನೋಡಲು ಬರುತ್ತಾರಂತೆ. ನೀನೇ ಅಪ್ಪನಿಗೆ ಫೋನು ಮಾಡಿ, “ಕೊಟ್ಬಿಡಿ ಅಪ್ಪ, ಕೇಳಿಸದವಳಿಗೆ ಅದ್ಯಾಕೆ” ಅಂದೆಯಂತೆ. ಬ್ಯಾಂಡಿನವರಿಗೂ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿದ್ದೀಯಂತೆ. ಇದನ್ನೆಲ್ಲ ಅಪ್ಪ ಊಟದ ತಟ್ಟೆಗೆ ಹೇಳಿದರು, ನಮ್ಮ ಮುಖ ನೋಡಿ ಹೇಳಲಿಲ್ಲ. ಅಮ್ಮ ಎದ್ದು ಅಡುಗೆಮನೆಗೆ ಹೋದವಳು ತುಂಬ ಹೊತ್ತು ಒಂದೇ ಲೋಟ ತೊಳೆದಳು. ನಾನು ಮಾತ್ರ ಎರಡನೇ ಸಲ ಸಾರು ಹಾಕಿಸಿಕೊಂಡೆ. ನನ್ನ ಯೋಗ್ಯತೆ ಎಂಥದ್ದು ಎಂದು ತಿಳಿಯಲಿ ಅಂತಲೇ ಈ ಸಾರಿನ ವಿಷಯ ಬರೆದೆ.

ಇನ್ನು ಮುಂದಿನದು ಆರೋಪಿಯ ಹೇಳಿಕೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ. ನ್ಯಾಯಾಲಯದಲ್ಲಿ ಹಾಗೆಯೇ ಮಾಡುತ್ತಾರಂತೆ, ಆರೋಪಿಗೆ ಉಸಿರು ತೆಗೆದುಕೊಳ್ಳಲು ಸ್ವಲ್ಪ ಸಮಯ ಸಿಗಲಿ ಎಂದು.

ಪಠ್ಯಪುಸ್ತಕ ಬರೆದ ಪುಣ್ಯಾತ್ಮರು ನಿರ್ವಾತ ನಳಿಕೆ ಎಂದೂ, ಅಪ್ಪನಿಂದ ಹಿಡಿದು ಬೀದಿಯವರೆಲ್ಲ ವಾಲ್ವ್ ಎಂದೂ ಕರೆಯುವ ಹೆಬ್ಬೆರಳುದ್ದದ ಗಾಜಿನ ಬುರುಡೆಗಾಗಿ ದೊಡ್ಡವರು ಎಷ್ಟು ಕಿತ್ತಾಡುತ್ತಾರೆಂದು ನೋಡುತ್ತಲೇ ನಾವಿಬ್ಬರೂ ಬೆಳೆದೆವು. ಹಳೆಯವು ರೇಡಿಯೊಗೂ ಟೆಲಿಫೋನಿಗೂ ವರ್ಷಗಟ್ಟಲೆ ಉರಿಯಲಿ ಎಂದು ಮಾಡಿದವು. ಅವನ್ನು ಮಾಡುತ್ತಿದ್ದ ಕಾರ್ಖಾನೆಗಳು ಮುಚ್ಚಿ ಯಾವುದೋ ಕಾಲವಾಯಿತು. ಹೊಸವು ಗಿಟಾರಿನವರಿಗೆಂದೇ ಈಗ ಮಾಡುವಂಥವು. ಕೆಲವು ಬಂಗಾರ, ಕೆಲವು ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರಿಗೆ ಹಾಕಿದ ಕೂಡಲೇ ಗಿಲಗಿಲ ಅನ್ನುತ್ತವೆ. ಅಪ್ಪನ ಡ್ರಾಯರಿನಲ್ಲಿ ಹಳೆಯವು ಮುಗಿಯುತ್ತ ಬಂದವು, ಹೊಸ ಡಬ್ಬಿ ತರಿಸಿದರು. ಅದನ್ನು ನೋಡಿದ ನಮ್ಮ ಮ್ಯೂಸಿಯಂ ಮಾಮ, ಅಂದರೆ ಹಳೇ ವಾಲ್ವ್ ಕೂಡಿಡುವುದನ್ನೇ ಕಸುಬು ಮಾಡಿಕೊಂಡ ಅಪ್ಪನ ಗಿರಾಕಿ, “ಅಯ್ಯೋ, ಇದನ್ನ ಹಾಕೋ ಬದ್ಲು ಒಳಗೊಂದು ಮೇಣದಬತ್ತಿ ಹಚ್ಚಿಡಿ” ಅಂದರು. ಅಪ್ಪ ಕೆರಳಿದರು. ಹಾಗಿದ್ದರೆ ಕಣ್ಣು ಕಟ್ಟಿಕೊಂಡು ಕೇಳಿಯೇ ಬಿಡೋಣ, ಯಾವುದು ಹಳೇದು ಹೇಳಿ ನೋಡೋಣ ಎಂದರು. ನೀನು ನುಡಿಸುವುದು, ಮಾಮ, ಅಪ್ಪ ಮತ್ತು ನಿಮ್ಮ ಬ್ಯಾಂಡಿನ ಲಂಬೂ ಕೇಳುವುದು. ಆಂಪ್ಲಿಫೈಯರಿನ ಮುಂದೆ ಅಮ್ಮನ ಹಳೇ ಬೆಡ್‌ಶೀಟ್ ಕಟ್ಟಿ, ಅದರ ಹಿಂದೆ ಕುಳಿತು ವಾಲ್ವ್ ಬದಲಾಯಿಸುವ ಘನಕಾರ್ಯವನ್ನು ನನಗೆ ವಹಿಸಿದರು. ನನ್ನ ಕೈಗೆ ಆ ಕೆಲಸ ಕೊಟ್ಟ ಅಪ್ಪನದೂ ಒಂದು ಪಾಲು ತಪ್ಪಿದೆ ಎಂದು ವಾದಿಸಬಹುದಿತ್ತು. ವಾದಿಸುವುದಿಲ್ಲ.

ಅಕ್ಕ, ಆ ಆಂಪ್ಲಿಫೈಯರಿಗೆ ಎರಡು ಬಾಗಿಲು. ಮೊದಲನೇ ತೂತಿಗೆ ಗಿಟಾರಿನ ವಯರು ಚುಚ್ಚಿದರೆ ಸದ್ದು ಮೊದಲನೇ ವಾಲ್ವಿನಿಂದ ಹಾದು ಬರುತ್ತದೆ. ಎರಡನೇ ತೂತಿಗೆ ಚುಚ್ಚಿದರೆ ಪಕ್ಕದ ವಾಲ್ವಿನಿಂದ. ಮೊದಲನೇದು ಸುಮ್ಮನೆ ಕೂತು ಉರಿಯುತ್ತಿರುತ್ತದೆ, ಮದುವೆಮನೆಗೆ ಬಂದು ಕೆಲಸ ಮಾಡದ ನೆಂಟನ ಹಾಗೆ.

ನಾನು ನಿನ್ನ ವಯರನ್ನು ಎರಡನೇ ತೂತಿಗೆ ಚುಚ್ಚಿದೆ. ಬದಲಾಯಿಸಿದ್ದು ಮಾತ್ರ ಮೊದಲನೇ ವಾಲ್ವ್. ಬಟ್ಟೆಯಲ್ಲಿ ಹಿಡಿದು ಬಿಸಿ ವಾಲ್ವ್ ಕಿತ್ತೆ, ಇನ್ನೊಂದನ್ನು ಕೂರಿಸಿದೆ, ಅದು ಕಾಯುವವರೆಗೂ ಕಾದೆ, “ಸಿದ್ಧ” ಎಂದು ಗಂಭೀರವಾಗಿ ಕೂಗಿದೆ. ಆ ಮಧ್ಯಾಹ್ನವಿಡೀ ನೀವೆಲ್ಲ ಕೇಳಿದ್ದು ಪಕ್ಕದ ಒಂದೇ ಒಂದು ವಾಲ್ವಿನ ಸದ್ದು. ಹಳೇದೂ ಅದೇ, ಹೊಸದೂ ಅದೇ.

ಯಾಕೆ ಮಾಡಿದೆ ಎಂದರೆ, ಮಾಮ ಕಣ್ಣು ಮುಚ್ಚಿ ತಲೆದೂಗುವುದನ್ನು ಒಮ್ಮೆ ನೋಡಬೇಕಿತ್ತು. ಕೊನೆಯಲ್ಲಿ ಬೆಡ್‌ಶೀಟ್ ಸರಿಸಿ, “ಮಹನೀಯರೇ, ತಾವು ಇಷ್ಟೊತ್ತು ಮೆಚ್ಚಿದ್ದು ಒಬ್ಬಳೇ ಮದುಮಗಳನ್ನು” ಎಂದು ಶುರುವಾಗುವ ಭಾಷಣ ಬಾಯಿಪಾಠ ಮಾಡಿಟ್ಟಿದ್ದೆ. ಮೊದಮೊದಲು ಎಲ್ಲ ಸೊಗಸಾಗಿಯೇ ನಡೆಯಿತು. ಮಾಮ ಎರಡನೇ ಸರದಿಗೆ “ಆಹಾ” ಅಂದರು. ಇದು ಹಳೇದು, ಇದರಲ್ಲಿ ಉಸಿರಿದೆ, ಮೊದಲಿನದು ಗಾಜು ಗೀಚಿದ ಹಾಗಿತ್ತು ಅಂದರು. ಗ್ರಹಚಾರಕ್ಕೆ ಆಗ ಸಾಕೆಟ್ಟಿನಲ್ಲಿದ್ದದ್ದು ಹಳೇದೇ, “ಸರಿ” ಎಂದು ಒಳಗಿನಿಂದ ಕೂಗಲೇಬೇಕಾಯಿತು. ಇನ್ನೊಮ್ಮೆ ಬದಲಾಯಿಸಿದೆ, ಮತ್ತೂ ಸರಿ ಹೇಳಿಬಿಟ್ಟರು! ನಾಣ್ಯ ಚಿಮ್ಮಿದರೂ ಅಷ್ಟು ಸಲ ಸರಿ ಬರುತ್ತದಲ್ಲ, ಆದರೆ ಅದು ನನಗೊಬ್ಬನಿಗೇ ಗೊತ್ತು. ಲಂಬೂ ಚಪ್ಪಾಳೆ ತಟ್ಟಿದ. ತನಗೂ ಹಾಗೇ ಕೇಳಿಸಿತು, ಹಗಲು ರಾತ್ರಿಯಷ್ಟು ವ್ಯತ್ಯಾಸ ಎಂದ. ಅವನಿಗೆ ಹಗಲು ರಾತ್ರಿಯ ವ್ಯತ್ಯಾಸ ಗೊತ್ತಿದ್ದರೆ ರಿಹರ್ಸಲ್ಲಿಗೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದ.

ಆಗ ನೀನು ನುಡಿಸುವುದನ್ನು ನಿಲ್ಲಿಸಿ, “ನನಗೆ ಎರಡೂ ಒಂದೇ ಥರ ಕೇಳಿಸ್ತಿದೆ” ಅಂದೆ.

ಬೆಡ್‌ಶೀಟಿನ ಹಿಂದೆ ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ. ನಮ್ಮಕ್ಕ ಒಬ್ಬಳೇ ಗೆದ್ದಳು ಎಂದು ಖುಷಿಗೇ ನಕ್ಕೆ, ಇಷ್ಟಾದರೂ ನಂಬು. ಆದರೆ ಆಮೇಲೆ ನೀನು ಕುರ್ಚಿ ತಿರುಗಿಸಿ ಬಲಗಿವಿ ಈ ಕಡೆ ಮಾಡಿದೆಯಲ್ಲ, ಆಗ ಬಾಯಿಂದ ಬಟ್ಟೆ ಕಿತ್ತು ಕೆಳಗಿಟ್ಟೆ. ಆ ಜ್ವರ ಬಂದು ಎಡಗಿವಿ ಮುಚ್ಚಿಕೊಂಡದ್ದು, ಡಾಕ್ಟರು ಸರಿಹೋಗಿದೆ ಎಂದರೂ ನೀನು ನಂಬದೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಒಂದೊಂದೇ ಕಿವಿ ಮುಚ್ಚಿ ನೋಡಿಕೊಳ್ಳುತ್ತಿದ್ದದ್ದು, ಎಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನೆನಪಾಗಿರಲಿಲ್ಲ. ತಮಾಷೆ ಮಾಡುವವನ ತಲೆಯಲ್ಲಿ ಒಂದೇ ಕುರ್ಚಿ ಇರುತ್ತದೆ, ಅದರಲ್ಲಿ ಅವನೇ ಕೂತಿರುತ್ತಾನೆ.

ನೀನು ಮತ್ತೆ ನುಡಿಸಿದೆ, ಅದೇ ತುಣುಕು, ನಿಧಾನವಾಗಿ. ಮತ್ತೆ ಇಲ್ಲ ಅಂದೆ. ಮಾಮ ಮೆತ್ತಗೆ, “ಪಾಪ, ಹುಷಾರಿಲ್ದೆ ಇತ್ತಲ್ಲಮ್ಮ, ಬಲವಂತ ಮಾಡ್ಕೋಬೇಡ” ಅಂದರು. ನೀನು ಅಪ್ಪನ ಕಡೆ ನೋಡಿದೆ. ಅಪ್ಪ, “ಹಳೇದು ಸ್ವಲ್ಪ ಬೆಚ್ಚಗಿದೆ ಕಣಮ್ಮ” ಅಂದರು. ಅಲ್ಲಿಗೆ ಮುಗಿಯಿತು. ನೀನು ಗಿಟಾರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಯಾವಾಗಲೂ ಮಂಚಕ್ಕೆ ಎಸೆಯುವವಳು, ಅವತ್ತು ಒರೆಸಿ ಇಟ್ಟೆ.

ಭಾಷಣವನ್ನು ಆಗಲೇ ಮಾಡಬೇಕಿತ್ತು. ಯಾಕೆ ಮಾಡಲಿಲ್ಲ? ಅಪ್ಪ ಗಿರಾಕಿಯ ಮುಂದೆ ಬೆಚ್ಚಗಿದೆ ಎಂದುಬಿಟ್ಟಿದ್ದರು. ಈಗ ಬಾಯಿಬಿಟ್ಟರೆ ಅಪ್ಪನ ಮರ್ಯಾದೆ ಏನಾಗಬೇಕು, ಸಂಜೆ ಮಾಮ ಹೋದ ಮೇಲೆ ಹೇಳೋಣ ಎಂದುಕೊಂಡೆ. ಇದನ್ನು ಈವರೆಗೆ ನನಗೆ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಕೇಳಲು ಚೆನ್ನಾಗಿದೆ, ಪಿತೃಭಕ್ತಿ ತುಂಬಿ ತುಳುಕುತ್ತದೆ. ಆದರೆ ಸಂಜೆ ಏನಾಯಿತೆಂದು ನಿನಗೆ ಗೊತ್ತಲ್ಲ.

ಸಂಜೆ ನೀನು ಚಿಕ್ಕಮ್ಮನ ಊರಿಗೆ ಹೊರಟೆ. ನಿನ್ನ ಬ್ಯಾಗು ಹೊತ್ತು ಬಸ್ಸಿನವರೆಗೆ ಬಂದವನು ನಾನು. ಅಲ್ಲಿ ಮಾಮನೂ ಇರಲಿಲ್ಲ, ಅಪ್ಪನೂ ಇರಲಿಲ್ಲ. ನೀನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ನನ್ನನ್ನು ಕೋತಿ ಅನ್ನದೆ, ತಲೆಗೆ ಮೊಟಕದೆ, “ನಿಜ ಹೇಳೋ. ನಿಂಗೂ ಕೇಳಿಸ್ತಾ?” ಎಂದು ಕೇಳಿದೆ.

ನಾನು, “ಹ್ಞೂಂ, ಸ್ವಲ್ಪ ಕೇಳಿಸ್ತು” ಅಂದೆ.

ತೂತು ಬದಲಾಯಿಸಿದ್ದು ಮಂಗಚೇಷ್ಟೆ. ಅದಕ್ಕೆ ನೀನು ಬೆನ್ನಿಗೆ ಎರಡು ಬಿಗಿದರೆ ತೀರುತ್ತದೆ. ಇದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ. ಬೈಸಿಕೊಳ್ಳುವ ಭಯ, ಅಷ್ಟೇ. ನಿನ್ನ ಮುಖ ನೋಡುತ್ತಾ, ನಿನ್ನ ಬ್ಯಾಗು ಕೈಯಲ್ಲಿ ಹಿಡಿದುಕೊಂಡು, ಇವತ್ತೊಂದು ದಿನ ಬೈಗುಳ ತಪ್ಪಿದರೆ ಸಾಕು ಎಂದು ನಿನ್ನ ಕಿವಿಯನ್ನೇ ಒತ್ತೆ ಇಟ್ಟೆ. ಬಸ್ಸು ಹೋದ ಮೇಲೆ ಬಾಳೆಹಣ್ಣು ಕೊಂಡು ತಿಂದೆ ಕೂಡ. ಅದರ ಸಿಪ್ಪೆ ಎಸೆದ ಜಾಗದ ಮುಂದೆ ಈಗ ನಡೆಯಲು ನಾಚಿಕೆಯಾಗಿ, ಶಾಲೆಯ ಹಿಂದಿನಿಂದ ಸುತ್ತಿ ಮನೆಗೆ ಬರುತ್ತೇನೆ. ಅಮ್ಮ, ಯಾಕೋ ಇತ್ತೀಚೆಗೆ ತಡ ಎಂದು ಕೇಳುತ್ತಾಳೆ; ವ್ಯಾಯಾಮ ಎನ್ನುತ್ತೇನೆ. ನೋಡು, ಮತ್ತೊಂದು ಸುಳ್ಳು.

ಈಗ ನಿನ್ನಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿನ್ನ ಕಿವಿ ಪೂರ್ತಿ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಅದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳಿ ನಿನ್ನನ್ನು ಸಮಾಧಾನ ಮಾಡಿದರೆ ಅದೂ ಬಸ್ಸಿನ ಬಾಗಿಲಲ್ಲಿ ಹೇಳಿದ್ದರ ಸಾಲಿಗೇ ಸೇರುತ್ತದೆ. ಆದರೆ ಅವತ್ತು ಆ ಕೋಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದವಳು ನೀನೊಬ್ಬಳೇ. ಕೇಳಿಸದ್ದು ನಿನಗಲ್ಲ, ಅಲ್ಲಿ ಕೇಳಿಸುವಂಥದ್ದು ಏನೂ ಇರಲಿಲ್ಲ. ಎರಡೂ ವಾಲ್ವ್ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಸರಿಯಾದ ತೂತಿಗೆ ಚುಚ್ಚಿ ನಾನೂ ಕೇಳಿ ನೋಡಿಲ್ಲ, ಬೇರೆಯವರಿಗೂ ಕೇಳಲು ಬಿಟ್ಟಿಲ್ಲ. ಮೊದಲು ನೀನು ಕೇಳಬೇಕು. ನಿನ್ನದೇ ವಯರು, ನೀನೇ ಚುಚ್ಚಬೇಕು. ವಾಲ್ವ್ ಬದಲಾಯಿಸಲು ಅಮ್ಮನನ್ನು ಕೂರಿಸೋಣ, ಅವಳಿಗೆ ಈ ವಿಷಯದಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲ. ಆಗ ವ್ಯತ್ಯಾಸ ಕೇಳಿಸದಿದ್ದರೆ ಕೇಳಿಸುವುದಿಲ್ಲ ಎನ್ನು, ಗಿಟಾರ್ ಮಾರುತ್ತೀಯೋ ಇಟ್ಟುಕೊಳ್ಳುತ್ತೀಯೋ ನಿನ್ನಿಷ್ಟ. ನನ್ನ ಸುಳ್ಳನ್ನು ನಂಬಿ ಮಾತ್ರ ಮಾರಬೇಡ.

ಕ್ಷಮಿಸು ಎಂದು ಕೊನೆಯಲ್ಲಿ ದೊಡ್ಡದಾಗಿ ಬರೆಯೋಣವೆಂದಿದ್ದೆ. ಬರೆದು ನೋಡಿದೆ, ಅದೂ ನಾಟಕದ ಬೋರ್ಡಿನ ಹಾಗೆ ಕಂಡಿತು. ಹೊಡೆದು ಹಾಕಿದ್ದೇನೆ. ಚಿಕ್ಕದಾಗಿ ಇನ್ನೊಮ್ಮೆ ಬರೆಯುತ್ತೇನೆ: ಕ್ಷಮಿಸು ಅಕ್ಕ.

ಇಂತಿ,
ಸನ್ನಿಧಾನದ ಮುಂದೆ ತಲೆ ಎತ್ತಲಾರದ,
ನಿನ್ನ ಕೋತಿ

ತಾ. ಕ.: ಗುರುವಾರ ಬೆಳಿಗ್ಗೆ. ಅಪ್ಪನ ಮರ್ಯಾದೆಯ ವಿಷಯವನ್ನು ಅಪ್ಪನ ಬೆನ್ನ ಹಿಂದೆ ಕಳಿಸಲು ಮನಸ್ಸು ಬಾರದೆ, ಲಕೋಟೆ ಅಂಟಿಸುವ ಮೊದಲು ಅವರ ಮುಂದೆ ನಿಂತು ಇದನ್ನು ಓದಿದೆ. ಒಂದೇಟು ಬೀಳುತ್ತದೆ ಎಂದು ಕೆನ್ನೆ ಸಿದ್ಧ ಮಾಡಿಕೊಂಡಿದ್ದೆ. ಬೀಳಲಿಲ್ಲ. ಅಪ್ಪ ಬೆಸುಗೆಯ ಕಡ್ಡಿ ಕೆಳಗಿಟ್ಟು, “ಅವತ್ತು ನಂಗೂ ಏನೂ ಕೇಳಿಸ್ಲಿಲ್ಲ ಕಣೋ” ಅಂದರು. ಮಾಮ ಸರಿ ಹೇಳಿದ ಮೇಲೆ, ತಮ್ಮ ಕಿವಿಗೂ ವಯಸ್ಸಾಯಿತು ಅಂತ ಅಪ್ಪ ಅಂದುಕೊಂಡರಂತೆ; ಇಲ್ಲ ಎಂದರೆ ನಾಳೆಯಿಂದ ಅಂಗಡಿಗೆ ಯಾರು ಬರುತ್ತಾರೆ ಎಂದು ಹೆದರಿ ಬೆಚ್ಚಗಿದೆ ಅಂದರಂತೆ. “ಅವಳು ನನ್ನ ಮುಖ ನೋಡಿದ್ಲಲ್ಲ, ಜೊತೆಗೆ ಯಾರಾದ್ರೂ ಇದ್ದಾರಾ ಅಂತ ನೋಡಿದ್ಲು” ಅಂದರು. ನಿನಗೆ ಫೋನು ಮಾಡಿ ಎಂದೆ. ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟರು. ಒಂದು ಸಾಲು ಬರೆಯಿರಿ ಎಂದು ಪೆನ್ನು ಕೊಟ್ಟೆ. ತುಂಬ ಹೊತ್ತು ಹಿಡಿದುಕೊಂಡು ಕೂತು, ಹಾಗೆಯೇ ವಾಪಸ್ಸು ಕೊಟ್ಟರು. ಭಾನುವಾರ ಬರುವವರಿಗೆ ಸದ್ಯಕ್ಕೆ ಬರಬೇಡಿ ಎಂದಿದ್ದಾರೆ. ಇದನ್ನು ಚಿಕ್ಕಮ್ಮನ ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಇವತ್ತೇ ಸಿಗುತ್ತದೆ. ಶನಿವಾರ ಸಂಜೆಯ ಬಸ್ಸಿಗೆ ಅಪ್ಪ ನಮ್ಮೂರ ಸ್ಟಾಂಡಿನಲ್ಲಿ ನಿಂತಿರುತ್ತಾರಂತೆ. ನೀನು ಬರದಿದ್ದರೆ ಎಂದು ಕೇಳಿದೆ. ಬರದಿದ್ದರೂ ನಿಂತಿರುತ್ತೇನೆ ಅಂದರು.