ಯಾರಿಂದ ಕೇಳಿದ್ದು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಂಡಣ್ಣಾ,

ಹೇಗಿದ್ದೀಯ? ಕಣ್ಣು ಹೇಗಿವೆ? ಇಡೀ ದಿನ ಕನ್ನಡಕದ ಗಾಜು ಉಜ್ಜಿ ಊರವರಿಗೆಲ್ಲ ಕಣ್ಣು ಕೊಡುವವನು ತನ್ನ ಕಣ್ಣು ಕೆಡಿಸಿಕೊಂಡನಂತೆ ಎಂದು ನಾಳೆ ಯಾರೂ ಆಡಿಕೊಳ್ಳಬಾರದು. ಗಾಜಿನ ಪುಡಿ ಒಳಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೋ, ಸೆಕೆ ಎಂದು ತೆಗೆದಿಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯ ತಾನೆ? ಮೂವತ್ತು ವರ್ಷದವನನ್ನು ಗುಂಡಣ್ಣ ಎಂದು ಕರೆದದ್ದಕ್ಕೆ ಮುಖ ಗಂಟಿಕ್ಕಬೇಡ. ನೀನು ಕಡ್ಡಿಯ ಹಾಗಾಗಿ ಎಷ್ಟೋ ಕಾಲವಾಯಿತು, ಆದರೆ ತೊಟ್ಟಿಲಲ್ಲಿ ಅಂಟಿದ ಹೆಸರು ಮೈ ಇಳಿದರೆ ಇಳಿಯುವುದಿಲ್ಲ. ಹೊಸ ವರ್ಷದ ಕಾರ್ಡು ಬಂತು. 'ಅಮ್ಮಾ, ಚೆನ್ನಾಗಿದ್ದೇನೆ. ನೀನು ಹುಷಾರು.' ಹನ್ನೊಂದು ವರ್ಷದಿಂದ ಅದೇ ಎರಡು ಸಾಲು. ಹನ್ನೊಂದೂ ಹೊಲಿಗೆ ಯಂತ್ರದ ಖಾನೆಯಲ್ಲಿವೆ, ಎಲ್ಲವೂ ನನ್ನ ಹೆಸರಿಗೇ. ನಿಮ್ಮಪ್ಪ ಪ್ರತಿ ಸಲವೂ ಲಕೋಟೆಯ ಮೇಲಿನ ನಿನ್ನ ಅಕ್ಷರವನ್ನು ಒಮ್ಮೆ ನೋಡಿ, ನನ್ನ ಕೈಗೆ ಕೊಟ್ಟು, ಒಳಗೆ ಹೋಗಿಬಿಡುತ್ತಿದ್ದರು. ನನ್ನ ಆರೋಗ್ಯಕ್ಕೇನೂ ಕಮ್ಮಿಯಿಲ್ಲ. ಮಂಡಿನೋವು ಜೊತೆಗೇ ಇದೆ, ಬಿಟ್ಟು ಹೋಗುವ ಬುದ್ಧಿ ಅದಕ್ಕಿಲ್ಲ.

ನಿಮ್ಮಪ್ಪನ ವಿಷಯವನ್ನು ಅಕ್ಕ ಫೋನಿನಲ್ಲಿ ಹೇಳಿದ್ದಾಳೆ. ನೀನು 'ಸರಿ' ಎಂದು ಇಟ್ಟುಬಿಟ್ಟೆಯಂತೆ. ಬೈಯುತ್ತಿಲ್ಲ, ಹೇಳಿದೆ ಅಷ್ಟೆ. ಎರಡು ತಿಂಗಳ ಹಿಂದೆ ಬೆಳಿಗ್ಗೆ ಶೂ ಲೇಸು ಕಟ್ಟುತ್ತಾ ಕುಸಿದರು. ಬಲಗೈ, ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಗಂಟಲಿನವರೆಗೆ ಬಂದು ಬರೀ ಸದ್ದಾಗಿ ನಿಲ್ಲುತ್ತದೆ. ಮೂವತ್ತೈದು ವರ್ಷ ಚರ್ಚಿನಲ್ಲಿ ಪ್ರಸಂಗ ಮಾಡಿಕೊಂಡೇ ಬದುಕಿದ ಮನುಷ್ಯ. ಸೂಪು ಕುಡಿಸುವಾಗ ತುಟಿಯ ಮೂಲೆಯಿಂದ ಸೋರುತ್ತದೆ. ಒರೆಸಲು ಹೋದರೆ ನಾಚಿಕೆಯಿಂದ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ. ಹೋದ ವಾರ ಡಾಕ್ಟರಮ್ಮ ಬಂದು ನೋಡಿ, ಹೊರಗೆ ಕೈ ತೊಳೆಯುತ್ತಾ ನನಗೆ ಮಾತ್ರ ಕೇಳುವಂತೆ ಹೇಳಿದರು: "ಇನ್ನೊಂದು ಸಲ ಆದ್ರೆ ಕಷ್ಟ. ಬರೋರು ಯಾರಾದ್ರೂ ಇದ್ರೆ ಈಗ್ಲೇ ಬರೋಕೆ ಹೇಳಿ." ಬರಬೇಕಾದವನು ಒಬ್ಬನೇ. ಅದಕ್ಕೇ ಈ ಕಾಗದ. ಮನೆ ಬಿಡುವ ದಿನ ನೀನು ಬಾಗಿಲಲ್ಲಿ ನಿಂತು, "ಅವರು ಬಾಯಿ ತೆರೆಯೋ ಮನೆಗೆ ನಾನು ಕಾಲಿಡಲ್ಲ" ಎಂದಿದ್ದೆ. ಈಗ ಅವರು ಬಾಯಿ ತೆರೆಯಲಾರರು ಮಗನೇ. ಆ ಮಾತು ಹೀಗೆ ನಿಜವಾಗಬೇಕಿತ್ತೇ ಎಂದು ದೇವರನ್ನೇ ಕೇಳಿದ್ದೇನೆ.

ಚರ್ಚಿಗೆ ಅವರ ಜಾಗದಲ್ಲಿ ಹೊಸ ಪಾಲಕರು ಬಂದಿದ್ದಾರೆ. ಹೊಸದಾಗಿ ಮದುವೆಯಾದವರು, ಸೈಕಲ್ಲಿನಲ್ಲಿ ಓಡಾಡುತ್ತಾರೆ, ಪ್ಯಾಂಟಿನ ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದನ್ನು ತೆಗೆಯಲು ಮರೆತು ಹಾಗೇ ಪ್ರಸಂಗಪೀಠ ಹತ್ತುತ್ತಾರೆ. ಒಳ್ಳೆಯವರು. ಆದರೆ ಹೇಗೆ ಬೋಧಿಸಬೇಕೆಂಬುದೇ ಅವರಿಗೆ ತಲೆನೋವಾಗಿದೆ. ಗಡಿಯಾರದ ಹಿರಿಯರು ನಿನಗೆ ನೆನಪಿರಬೇಕು, ಪ್ರಸಂಗ ಇಪ್ಪತ್ತು ನಿಮಿಷ ದಾಟಿದರೆ ಕೈಗಡಿಯಾರ ಬಿಚ್ಚಿ ಕಿವಿಗೆ ಹಿಡಿದು ಅಲ್ಲಾಡಿಸುವವರು. ಅವರು 'ಕಥೆ ಹೇಳಿ, ಜನ ಅಳಬೇಕು' ಎಂದರಂತೆ. ಆರ್ಗನ್ ನುಡಿಸುವಾಕೆ 'ಕಥೆಗಿಥೆ ಬೇಡ, ಬೈಬಲನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ಹೇಳಿ' ಎಂದರಂತೆ. ಹುಡುಗರ ಗುಂಪಿಗೆ ಕೆನ್ನೆಯ ಮೇಲೆ ಮೈಕು ಇಳಿಬಿಟ್ಟುಕೊಂಡು ಆ ಕಡೆಯಿಂದ ಈ ಕಡೆ ಓಡಾಡುವವರು ಬೇಕು, ಹಿಂದೆ ಪರದೆಯ ಮೇಲೆ ಚಿತ್ರ ಬರಬೇಕು. ಪಾಪ, ಮೂರು ವಾರ ಮೂರು ರೀತಿ ಮಾಡಿ ನೋಡಿದರು. ಮೂರನೇ ವಾರ ಮೈಕಿನ ತಂತಿ ಕಾಲಿಗೆ ಸುತ್ತಿಕೊಂಡು ಇನ್ನೇನು ನಮ್ಮ ಬೆಂಚಿಗೇ ಬಂದು ಬೀಳಬೇಕಿತ್ತು. ಮಾರನೆಯ ದಿನ ನಮ್ಮ ಅಡುಗೆಮನೆಗೆ ಬಂದು ಕುಳಿತು, ನಿಮ್ಮಪ್ಪ ತಮ್ಮ ಶೈಲಿಯನ್ನು ಹೇಗೆ ಆರಿಸಿಕೊಂಡರು ಎಂದು ನನ್ನನ್ನು ಕೇಳಿದರು. ಅವರು ಕುಳಿತದ್ದು ಅದೇ ಸ್ಟೂಲಿನ ಮೇಲೆ.

ಆ ಸ್ಟೂಲು ನಿನಗೆ ನೆನಪಿರಬೇಕು. ಶನಿವಾರ ಸಂಜೆ ನಿಮ್ಮಪ್ಪ ಅದರ ಮೇಲೆ ಕುಳಿತು ಮರುದಿನದ ಪ್ರಸಂಗವನ್ನು ನನಗೆ ಒಪ್ಪಿಸುತ್ತಿದ್ದರು. ನಾನು ಬಟಾಣಿ ಸುಲಿಯುತ್ತಾ ಕೇಳುತ್ತಿದ್ದೆ. ಹಿಡಿಸಿದರೆ ಸುಮ್ಮನಿರುತ್ತಿದ್ದೆ, ಹಿಡಿಸದಿದ್ದರೆ 'ಉಪ್ಪಿಲ್ಲ' ಎನ್ನುತ್ತಿದ್ದೆ. ಉಪ್ಪು ಎಂದರೆ ಕಥೆ. ಆಗ ಅವರು ಬಿಸ್ಕತ್ತಿನ ಡಬ್ಬಿ ತಂದು ಚೀಟಿ ಹುಡುಕುತ್ತಿದ್ದರು. ಕೇಳಿದ, ಕಂಡ ಕಥೆಗಳನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದಿಡುವುದು ಅವರ ಪದ್ಧತಿ. ಕಥೆಯ ಕೆಳಗೆ ಮೂರು ಸಾಲು: ಯಾರ ಕಥೆ, ಯಾರಿಂದ ಕೇಳಿದ್ದು, ಯಾವತ್ತು ಹೇಳಿದ್ದು. ಹೇಳಿದ್ದನ್ನೇ ಹೇಳಿದರೆ ಜನ ನಗುತ್ತಾರೆ ಎಂದು ತಾರೀಖು. ಇನ್ನೊಬ್ಬರಿಂದ ಪಡೆದದ್ದನ್ನು ತನ್ನದು ಎನ್ನಬಾರದು ಎಂದು ಹೆಸರು. ಅರ್ಧಕ್ಕರ್ಧ ಚೀಟಿಗಳಲ್ಲಿ 'ಮನೆಯವಳಿಂದ' ಎಂದೇ ಇರುತ್ತಿತ್ತು. ಬೇಕರಿಯ ಸಾಲಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ಭಾನುವಾರ ದೊಡ್ಡ ಧ್ವನಿಯಲ್ಲಿ ಹೊರಬರುತ್ತಿತ್ತು. ನನಗೆ ಅದರ ಹೆಮ್ಮೆ ಇತ್ತು, ಯಾಕೆ ಮುಚ್ಚಿಡಲಿ. ಜನ ಕಣ್ಣೊರೆಸಿಕೊಳ್ಳುವಾಗ ಮುಂದಿನ ಬೆಂಚಿನಲ್ಲಿ ಕೂತು, ಇದು ನನ್ನ ಕೈರುಚಿ ಎಂದುಕೊಳ್ಳುತ್ತಿದ್ದೆ.

ಆ ಭಾನುವಾರದ ಬಗ್ಗೆ ನಮ್ಮಲ್ಲಿ ಯಾರೂ ಈವರೆಗೆ ಮಾತಾಡಿಲ್ಲ. ಇವತ್ತು ಬರೆಯುತ್ತೇನೆ, ಸಿಟ್ಟು ಮಾಡಿಕೊಂಡು ಕಾಗದ ಮಡಚಿಡಬೇಡ, ಕೊನೆಯವರೆಗೂ ಓದು. ಆ ವಾರದ ವಾಕ್ಯ ಬರೀ ತುಟಿಯ ಭಕ್ತಿಯ ಕುರಿತಾಗಿತ್ತು. ನೀನು ಗಾಯನವೃಂದದ ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ನಿಂತಿದ್ದೆ. ಹತ್ತೊಂಬತ್ತು ವರ್ಷ. ನಿಮ್ಮಪ್ಪ ಹೆಸರು ಹೇಳಲಿಲ್ಲ. ಬೋಧಕನ ಮನೆಯಲ್ಲೇ ಬೆಳೆದ ಒಬ್ಬ ಹುಡುಗ ಎಂದರು. ಅವನಿಗೆ ನಂಬಿಕೆ ಹೋಗಿ ಎರಡು ವರ್ಷವಾಗಿದೆ, ಮನೆಯವರಿಗೆ ನೋವಾದೀತೆಂದು ಹಾಡಿನ ಹೊತ್ತಿಗೆ ನಿಂತು ಸದ್ದಿಲ್ಲದೆ ತುಟಿ ಮಾತ್ರ ಅಲ್ಲಾಡಿಸುತ್ತಾನೆ ಎಂದರು. ಊರಿನಲ್ಲಿ ಬೋಧಕನ ಮನೆ ಇದ್ದದ್ದು ಒಂದೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುತ್ತಾರಲ್ಲ, ನಿನಗೆ ಮುಟ್ಟಿಕೊಳ್ಳುವಷ್ಟು ಹೊತ್ತೂ ಸಿಗಲಿಲ್ಲ, ಆಗಲೇ ಎಲ್ಲರ ಕಣ್ಣೂ ನಿನ್ನ ಮೇಲಿತ್ತು. ಪ್ರಸಂಗ ಮುಗಿದು ಹಾಡು ಶುರುವಾಯಿತು. ಇಡೀ ಸಭೆ ಹಾಡುತ್ತಾ ನಿನ್ನ ಬಾಯಿಯನ್ನೇ ನೋಡುತ್ತಿತ್ತು. ನೀನು ಮೊದಲ ಸಾಲಿಗೆ ಬಾಯಿ ತೆರೆದೆ. ಆಮೇಲೆ ಪುಸ್ತಕ ಮುಚ್ಚಿ, ಬೆಂಚಿನ ಮೇಲೆ ನೇರವಾಗಿ ಇಟ್ಟು, ಪಕ್ಕದ ಬಾಗಿಲಿನಿಂದ ಹೊರಗೆ ಹೋದೆ. ಆ ಬಾಗಿಲು ಮುಚ್ಚಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಮನೆಗೆ ಬಂದು ನೀನು ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಡೈರಿ ಓದಿದ್ರಾ?" ಮೇಜಿನ ಮೇಲೆ ಅದು ಇದ್ದ ಜಾಗ ಬದಲಾಗಿತ್ತು ಎಂದೂ ಹೇಳಿದೆ. ನಾನು ಒದ್ದೆ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನಿಮ್ಮಪ್ಪ "ಹೌದು" ಎಂದರು. ನೀನು ಆ ವಾರವೇ ಹೊರಟೆ. ಹೋಗುವಾಗ ನನ್ನನ್ನು ತಬ್ಬಿಕೊಂಡು, "ನೀನೊಬ್ಬಳೇ ಅಮ್ಮಾ ನನ್ನ ಕಡೆ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ನಿಮಗೆಲ್ಲ ಹೇಳಿಕೊಟ್ಟವಳು.

ಮುಂದಿನ ವಾರದಿಂದಲೇ ನಿಮ್ಮಪ್ಪನ ಬೋಧನೆಯ ರೀತಿ ಬದಲಾಯಿತು. ಇದು ನಿನಗೆ ಗೊತ್ತಿಲ್ಲ, ನಿನ್ನ ಮುಂದೆ ಅವರ ಹೆಸರೆತ್ತಬಾರದೆಂದು ಅಕ್ಕನೂ ಹೇಳಿರಲಾರಳು. ಕಥೆ ನಿಂತುಹೋಯಿತು. ಕಾಗದದಲ್ಲಿ ಬರೆದುಕೊಂಡು ಬಂದು, ತಲೆ ಎತ್ತದೆ, ಒಂದು ವಾಕ್ಯ, ಅದರ ಅರ್ಥ, ಮುಂದಿನ ವಾಕ್ಯ, ಅದರ ಅರ್ಥ, ಹೀಗೆ ಹನ್ನೊಂದು ವರ್ಷ ಓದಿದರು. ಮೊದಲು ಹಿಂದಿನ ಬೆಂಚುಗಳು ಖಾಲಿಯಾದವು, ಆಮೇಲೆ ನಡುವಿನವು. ಹಿರಿಯರು ಮನೆಗೇ ಬಂದು ಬೇಡಿಕೊಂಡರು, ಒಂದಾದರೂ ಕಥೆ ಹೇಳಿ ಅಯ್ಯನವರೇ ಎಂದು. ನಿಮ್ಮಪ್ಪ ಹೇಳಿದ್ದು ಇಷ್ಟೇ: "ವಾಕ್ಯ ಓದಿದ್ರೆ ಯಾರ ಮಗನೂ ಎದ್ದು ಹೋಗಲ್ಲ." ಶನಿವಾರ ಅಡುಗೆಮನೆಗೆ ಬರುವುದನ್ನೂ ಬಿಟ್ಟರು. ನಾನು ಬಟಾಣಿ ಸುಲಿಯುತ್ತಾ ಆ ಖಾಲಿ ಸ್ಟೂಲನ್ನು ನೋಡುತ್ತಿದ್ದೆ. ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ. ಸಿಡುಕಿದ್ದರೆ ಚೆನ್ನಾಗಿತ್ತು.

ಇದರಲ್ಲಿ ಅರ್ಧವನ್ನಷ್ಟೇ ಹೊಸ ಪಾಲಕರಿಗೆ ಹೇಳಿದೆ. ಅವರು ಚಹಾದ ಲೋಟ ತಿರುಗಿಸುತ್ತಾ, ಬರುವ ಭಾನುವಾರ ಕಥೆಯಿಂದಲೇ ಆರಂಭಿಸಬೇಕೆಂದಿದ್ದೇನೆ, ಮಾತು ಕಳೆದುಕೊಂಡ ಬೋಧಕರ ಕಥೆ, ನಿಮ್ಮ ಒಪ್ಪಿಗೆ ಇದೆಯಾ ಎಂದರು. ಕಥೆ ನನ್ನದಲ್ಲ, ಹೋಗಿ ಅವರನ್ನೇ ಕೇಳಿ ಎಂದೆ. ಹೋಗಿ ಮಂಚದ ಪಕ್ಕ ಮಂಡಿಯೂರಿ ಕೇಳಿದರು. ನಿಮ್ಮಪ್ಪ ಎಡಗೈಯಿಂದ ಕಪಾಟಿನ ಕಡೆ ತೋರಿಸಿದರು. ನಾನು ಬಿಸ್ಕತ್ತಿನ ಡಬ್ಬಿ ತಂದು ಹೊದಿಕೆಯ ಮೇಲೆ ಸುರಿದೆ. ಒಂದೊಂದೇ ಚೀಟಿಯನ್ನು ಬದಿಗೆ ಸರಿಸುತ್ತಾ ಹೋಗಿ ಒಂದನ್ನು ಎತ್ತಿ ಅವರ ಕೈಗಿಟ್ಟರು. ಅದು ನಿನ್ನ ಚೀಟಿ. 'ತುಟಿ ಅಲ್ಲಾಡಿಸುವ ಹುಡುಗ' ಎಂದು ಮೇಲೆ ಬರೆದಿದೆ. ಯಾರ ಕಥೆ: ಮಗನದು. ಯಾರಿಂದ ಕೇಳಿದ್ದು: ಅಲ್ಲಿ ಶಾಯಿಯಿಂದ ಗೀಚಿ ಗೀಚಿ ಕಾಗದವೇ ತೂತಾಗಿದೆ. ಯಾವತ್ತು ಹೇಳಿದ್ದು: ಆ ತಾರೀಖು. ಅದರ ಕೆಳಗೆ ಬೇರೆ ಶಾಯಿಯಲ್ಲಿ ಎರಡೇ ಪದ, 'ಕೇಳದೆ ಹೇಳಿದೆ.'

ಪಾಲಕರು ಅದನ್ನು ಎರಡು ಸಲ ಓದಿ ತಲೆ ತಗ್ಗಿಸಿದರು. ನಿಮ್ಮಪ್ಪ ಚೀಟಿಯನ್ನು ವಾಪಸು ತೆಗೆದುಕೊಂಡು ದಿಂಬಿನ ಕೆಳಗೆ ತಳ್ಳಿದರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡು ತಲೆಯಾಡಿಸಿದರು, ನನ್ನ ಕಥೆ ಹೇಳು ಎಂದು. ಕೇಳಿದ್ದಕ್ಕೆ ಕೊಟ್ಟರು. ಪಾಲಕರು ಹೊರಗೆ ಸೈಕಲ್ಲು ಹಿಡಿದು ನಿಂತು, "ಕಥೆನೇ ಹೇಳ್ತೀನಿ ಅಮ್ಮಾ. ಆದ್ರೆ ಯಾರ ಕಥೆಯೋ ಮೊದ್ಲು ಅವರ ಮನೆ ಬಾಗಿಲು ತಟ್ಟಿ ಕೇಳ್ತೀನಿ" ಎಂದರು. ಒಳ್ಳೆಯವರು ಎಂದೆನಲ್ಲ. ನಾನು ಒಳಗೆ ಬಂದಾಗ ನಿಮ್ಮಪ್ಪನ ಕಣ್ಣು ಬಾಗಿಲ ಕಡೆಯೇ ಇತ್ತು. ಅವರು ಕಾಯುತ್ತಿರುವುದು ಯಾರನ್ನು ಎಂದು ನಾನು ಕೇಳಬೇಕಾಗಿಲ್ಲ.

ಬಾ ಮಗನೇ. ಅವರನ್ನು ನಿನ್ನ ಕೋಣೆಯಲ್ಲೇ ಮಲಗಿಸಿದ್ದೇನೆ, ಬೆಳಕು ಚೆನ್ನಾಗಿ ಬರುತ್ತದೆ. ನೀನು ಆರಾಧನೆಗೆ ಬರಬೇಕಿಲ್ಲ, ಪ್ರಾರ್ಥನೆಗೆ ಕೂರಬೇಕಿಲ್ಲ, ತುಟಿಯನ್ನೂ ಅಲ್ಲಾಡಿಸಬೇಕಿಲ್ಲ. ಮಂಚದ ಪಕ್ಕದ ಕುರ್ಚಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು. ಅವರ ಎಡಗೈ ಬೆಚ್ಚಗಿದೆ.

ನೀನು ನಂಬುವುದೂ ನಂಬದಿರುವುದೂ ಎರಡೂ ಸೇರಿ ನಿನ್ನನ್ನು ಕಾಯಲಿ. ಅಕ್ಕ, ಭಾವ, ಅವರ ಇಬ್ಬರು ತುಂಟಿಯರು ನಿನ್ನನ್ನು ಕೇಳಿದ್ದಾರೆ.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿರುವುದು ಅದಕ್ಕೆ. ಅಂಚೆಯವರು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿಮ್ಮಪ್ಪ ನಿನ್ನ ಡೈರಿ ಓದಿರಲಿಲ್ಲ. ಅದನ್ನು ಸರಿಸಿದ್ದು ನಾನು, ಮೇಜು ಒರೆಸುವಾಗ. ತಟ್ಟೆ ಒರೆಸುತ್ತಾ ನೀನು ನನ್ನೊಬ್ಬಳಿಗೇ ಹೇಳಿಕೊಂಡಿದ್ದೆಯಲ್ಲ, ಅದನ್ನು ಆ ಶನಿವಾರ ಅವರಿಗೆ ಹೇಳಿದ್ದು ನಾನು. ಹೆದರಿಕೆಯಿಂದ ಹೇಳಿದೆ ಎಂದರೆ ಅರ್ಧ ಸತ್ಯ. ಪ್ರಸಂಗದಲ್ಲಿ ಉಪ್ಪಿರಲಿಲ್ಲ, ಇದನ್ನು ಹಾಕಿ ಎಂದೆ. "ಅವನನ್ನ ಒಂದು ಮಾತು ಕೇಳ್ಲಾ?" ಎಂದರು. "ಕೇಳಿದ್ರೆ ಬೇಡ ಅಂತಾನೆ. ಹೆಸರು ಹೇಳ್ಬೇಡಿ, ಅಷ್ಟೇ" ಎಂದವಳು ನಾನು. ಆ ಗೀಚಿದ ಜಾಗದಲ್ಲಿ ಇದ್ದದ್ದು 'ಮನೆಯವಳಿಂದ' ಎಂದು. ಅವರು ಬಾಳಿನಲ್ಲಿ ನನಗೆ ಗೊತ್ತಿದ್ದಂತೆ ಹೇಳಿದ ಸುಳ್ಳು ಆ 'ಹೌದು' ಒಂದೇ, ನಿನಗೆ ಒಬ್ಬಳಾದರೂ ಉಳಿಯಲಿ ಎಂದು. ಹನ್ನೊಂದು ಕಾರ್ಡುಗಳನ್ನು ನಾನು ಸುಮ್ಮನೆ ತೆಗೆದುಕೊಂಡೆ. ಇನ್ನು ನನ್ನ ಮುಖ ನೋಡುವ ಮನಸ್ಸಿಲ್ಲದಿದ್ದರೆ ಅಕ್ಕನಿಗೆ ತಿಳಿಸು, ನೀನು ಬರುವ ಹೊತ್ತಿಗೆ ನಾನು ಅವಳ ಮನೆಗೆ ಹೋಗಿರುತ್ತೇನೆ. ಸೂಪು ಒಲೆಯ ಮೇಲೆ ಇರುತ್ತದೆ. ಎಡಗಡೆಯಿಂದ ಕುಡಿಸು, ಬಲಗಡೆ ಸೋರುತ್ತದೆ.