ಅಪ್ಪನ ಅಳಿಲು, ಸಂಸ್ಥೆಯ ಅಳಿಲು

ಅಂಗಡಿಯ ಅಟ್ಟದಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಭಾವ ಈಗಲಾದರೂ ಬಿಸಿನೀರು ಕಾಯಿಸಿ ಕೊಡುತ್ತಾರೋ, ಇಲ್ಲ ಪೇಪರಿನಲ್ಲೇ ಮುಖ ಹುದುಗಿಸಿ ಕೂತಿರುತ್ತಾರೋ? ಇಲ್ಲಿ ಅಪ್ಪನ ಕೆಮ್ಮು ಇಳಿದಿದೆ, ಸಿಟ್ಟು ಏರಿದೆ. ನಮಗೆ ನೋಟಿಸು ಬಂದಿದೆ. ಅಳಿಲಿನ ಚಿತ್ರ ಹಾಕಿಕೊಂಡು ಚಂದಾ ಎತ್ತುವ ಆ ದೊಡ್ಡ ದತ್ತಿಸಂಸ್ಥೆ ಗೊತ್ತಲ್ಲ? ಹೇಳಿಕೊಳ್ಳುವುದು ಅಳಿಲು ಸೇವೆ, ಆಫೀಸು ಮಾತ್ರ ಏಳು ಮಹಡಿ. ನಮ್ಮ ಅಂಗಡಿಯಲ್ಲಿ ತಯಾರಾಗುವ ‘ಅಳಿಲು’ ಸೈಕಲ್ಲಿನಿಂದ ಹೆಸರು, ಚಿತ್ರ ಎರಡನ್ನೂ ತೆಗೆದುಹಾಕಬೇಕಂತೆ. ಅಪ್ಪ ವಕೀಲರ ಮೇಜು ಕುಟ್ಟಿದರು: “ಅದು ನನ್ನ ಮಗಳನ್ನ ಕರೆಯೋ ಹೆಸರು ಕಣ್ರೀ! ಅವರಪ್ಪನ ಮನೆ ಗಂಟಾ?” ‘ನನ್ನ ಮಗಳು’ ಅಂದರೆ ನೀನು! ಕೈಗೆಲ್ಲ ಬಣ್ಣ ಮೆತ್ತಿಕೊಂಡು ನಾನೂ ಪಕ್ಕದಲ್ಲೇ ನಿಂತಿದ್ದೆ.

ಹೊಟ್ಟೆ ಉರಿಯಿತು ಅಕ್ಕಾ, ಸುಳ್ಳೇಕೆ ಹೇಳಲಿ? ಮರ ಹತ್ತಿ ಕೂತು ಅಳಿಲು ಅನ್ನಿಸಿಕೊಂಡವಳು ನೀನು. ಇಪ್ಪತ್ತೆರಡು ವರ್ಷದಿಂದ ಒಂದೊಂದು ಸೈಕಲ್ಲಿನ ಮೇಲೂ ಆ ಅಳಿಲನ್ನು, ಅದರ ಕೆಳಗೆ ಹೆಸರನ್ನು ಸಣ್ಣ ಕುಂಚ ಹಿಡಿದು ಬರೆದವಳು ನಾನು. ಬೆನ್ನಿನ ಮೂರು ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯಬೇಕು. ಅಪ್ಪ ಬಗ್ಗಿ ನೋಡಿ, “ಥೇಟ್ ನಿಮ್ಮಕ್ಕನೇ” ಅನ್ನುತ್ತಾರೆ. ಚೆನ್ನಾಗಿ ಬರೆದಿದ್ದೀಯ ಎಂದು ಒಮ್ಮೆಯಾದರೂ ಅನ್ನಬಾರದೇ? ನನಗೂ ಒಂದು ಅಡ್ಡಹೆಸರಿತ್ತು, ‘ಗೊಣಗಿ’. ಅದನ್ನು ಯಾರು ಸೈಕಲ್ಲಿನ ಮೇಲೆ ಬರೆಸುತ್ತಾರೆ, ಬಿಡು.

ಆ ಸಂಸ್ಥೆ ಹುಟ್ಟುವ ಮೊದಲೇ ಈ ಗುರುತು ನಮ್ಮದಾಗಿತ್ತು ಎಂದು ತೋರಿಸಿದರೆ ಗೆಲ್ಲಬಹುದು ಅನ್ನುತ್ತಾರೆ ವಕೀಲರು. ಉಳಿದಿರುವ ಸಾಕ್ಷಿ ಒಂದೇ, ಮದುವೆಯಾದಾಗ ನೀನು ತೆಗೆದುಕೊಂಡು ಹೋದ ಮೊದಲ ಸೈಕಲ್. ಅದರ ಮೇಲೆ ಅಪ್ಪ ಕೊರೆದ ಇಸವಿಯಿದೆ. ವಿಚಾರಣೆ ಇಪ್ಪತ್ತಕ್ಕೆ. ನೀನು ಬಂದರೆ ಅಪ್ಪ ನಿನ್ನನ್ನು ಇನ್ನಷ್ಟು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಗೊತ್ತು. ಆದರೂ ಆ ಸೈಕಲ್ಲನ್ನು ಹೇಗಾದರೂ ತೆಗೆದುಕೊಂಡು ಬಾ. ಇಲ್ಲದಿದ್ದರೆ ಅಂಗಡಿಯ ಬೋರ್ಡು ಇಳಿಸಬೇಕಾಗುತ್ತದೆ.

ಭಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ

ತಾ.ಕ.: ನಮ್ಮ ಸೈಕಲ್ಲಿನ ಫೋಟೋ ಇಟ್ಟು, ನನ್ನ ಹೆಸರು ಹಾಕದೆ ಆ ಸಂಸ್ಥೆಗೆ ದೂರು ಬರೆದವಳು ನಾನೇ. ಅಳಿಲು ತೊಲಗಿದರೆ ಹೊಸ ಗುರುತಾದರೂ ನನ್ನದಾಗಬಹುದು ಎಂಬ ಆಸೆ. ಅಂಗಡಿಗೇ ಕುತ್ತು ಬರುತ್ತದೆ ಎಂದು ಆಗ ಹೊಳೆಯಲಿಲ್ಲ. ಅವರು ಆ ಕಾಗದವನ್ನೇ ಸಾಕ್ಷಿಯಾಗಿ ವಿಚಾರಣೆಯಲ್ಲಿ ತೋರಿಸುತ್ತಾರಂತೆ. ಅಪ್ಪ ಒಂದು ಅಕ್ಷರ ನೋಡಿದರೂ ಸಾಕು, ನನ್ನ ಕೈಬರಹ ಎಂದು ಗುರುತು ಹಿಡಿಯುತ್ತಾರೆ. ಆಗ ನೀನು ನನ್ನ ಪಕ್ಕದಲ್ಲಿರು ಅಕ್ಕಾ, ನನಗೆ ಹೆದರಿಕೆಯಾಗುತ್ತಿದೆ.