ಹದಿನಾಲ್ಕು ಮನೆಗಳ ನೀರು

ವಸುಧೆಯ ಅಪ್ಪನಿಗೆ,

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಈ ಒಂದು ವಿಷಯದಲ್ಲಿ ನೀವು ಅದನ್ನು ಮರೆತಿದ್ದಿರಿ. ನಾನು ಕುಂಬಳೆಯ ಕಡೆಯ ದೊಡ್ಡ ಮನೆತನದ ಹಿರಿಮಗಳು, ಹೈಸ್ಕೂಲು ಮುಗಿಸಿದವಳು. ಮೂವತ್ತೆಂಟು ವರ್ಷದಿಂದ ಎರ್ನಾಕುಲಂನ ಈ ಓಣಿಯಲ್ಲಿದ್ದೇನೆ. ಇಲ್ಲಿ ಮದುವೆಯ ಮಾತುಕತೆ ಇರಲಿ, ಗೋಡೆಯ ಜಗಳ ಇರಲಿ, ಜನ ನಮ್ಮ ಜಗಲಿಗೆ ಬಂದು ಕೂರುವುದು ನನ್ನ ಮಾತು ಕೇಳಲಿಕ್ಕೆ. ಅಂಥವಳಿಗೆ ಅವಳದೇ ಹಿತ್ತಲಲ್ಲಿ ಏನಾಗುತ್ತಿದೆ ಎಂದು ತಿಳಿಯದ ಹಾಗೆ ನೀವು ಆರು ವರ್ಷ ನೋಡಿಕೊಂಡಿರಿ. ನೀವು ಹೋಗಿ ಒಂದು ವರ್ಷ ಆಗುತ್ತಾ ಬಂತು. ಇಷ್ಟು ದಿನ ಅಳುತ್ತಿದ್ದೆ. ಇವತ್ತು ಬೈಯಲು ಕೂತಿದ್ದೇನೆ.

ಬೆಳಿಗ್ಗೆ ಐದೂವರೆಗೆ ನೀವು ಪಂಪ್‌ಹೌಸಿನ ಬಾಗಿಲು ತೆಗೆಯುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಸರ್ಕಾರದ ಪೈಪಿನ ನೀರು ಓಣಿಯ ತುದಿಗೆ ಬರುವುದೇ ಇಲ್ಲವೆಂದು ಹದಿನಾಲ್ಕು ಮನೆಯವರು ಸೇರಿ ತೋಡಿಸಿದ ಬಾವಿ, ಕಟ್ಟಿಸಿದ ಟ್ಯಾಂಕಿ. ಉಸ್ತುವಾರಿ ನಿಮ್ಮದು. ನಿವೃತ್ತರಾದ ಮೇಲಂತೂ ಅದೇ ನಿಮ್ಮ ಆಫೀಸು. ಗೋಡೆಯ ಕಪ್ಪು ಹಲಗೆಯ ಮೇಲೆ ದಿನಾ ಮಲಯಾಳದಲ್ಲಿ ಬರೆಯುತ್ತಿದ್ದಿರಿ: ನಾಳೆ ಟ್ಯಾಂಕಿ ತೊಳೆಯುತ್ತೇವೆ, ಸಂಜೆ ಅರ್ಧ ಗಂಟೆ ಕಡಿಮೆ, ನೀರು ಚೆನ್ನಾಗಿದೆ. ಎದುರು ಮನೆಯ ಅನ್ನಮ್ಮ ಟೀಚರ್ ಅದನ್ನು ಓದದೆ ಹಾಲು ತರಲು ಹೋದವರಲ್ಲ.

“ಸಾರೇ, ಇದು ಮಲಯಾಳವೋ ಜಿಲೇಬಿಯೋ?”

“ಓದಲಿಕ್ಕೆ ಬಂತಲ್ಲ ಟೀಚರೇ, ಅಷ್ಟು ಸಾಕು.”

“ಬಂತು. ಸಾರ್ ಚೆನ್ನಾಗಿದೆ ಅಂತ ಬರೆದ ನೀರನ್ನು ನಾನು ಕಾಯಿಸುವುದೂ ಇಲ್ಲ.”

ಆ ಮಾತು ಕೇಳಿ ನನ್ನ ಎದೆ ಉಬ್ಬುತ್ತಿತ್ತು. ನಿಮಗೆ ಏನಾಗುತ್ತಿತ್ತು?

ನನ್ನ ಮೊಣಕಾಲಿನ ಆಪರೇಷನ್ ಆದದ್ದು ನೆನಪಿದೆಯಲ್ಲ. ಇದ್ದ ಬಚ್ಚಲು, ಪಾಯಿಖಾನೆ ಎರಡೂ ಮಾಳಿಗೆಯಲ್ಲಿ. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ನೀವು ಕೆಳಗೊಂದು ಹೊಸದು ಕಟ್ಟಿಸಿಬಿಟ್ಟಿದ್ದಿರಿ. ನೀಲಿ ಟೈಲು, ಹಿಡಿದು ಏಳಲು ಸ್ಟೀಲಿನ ಕಂಬಿ. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದೆ. ‘ನೋಡಿ, ನಮ್ಮವರು ನನಗಾಗಿ ಮಾಡಿಸಿದ್ದು’ ಎಂದೆ. ಅದರ ಗುಂಡಿ ಎಲ್ಲಿ ಎಂದು ನಾನೂ ಕೇಳಲಿಲ್ಲ. ಐದು ಸೆಂಟ್ಸ್ ಜಾಗದಲ್ಲಿ ಅದಕ್ಕೆ ಜಾಗ ಎಲ್ಲಿಂದ ಬಂತು ಎಂದು ಆಗಲೇ ಕೇಳಬೇಕಿತ್ತು. ಅಷ್ಟರಮಟ್ಟಿಗೆ ತಪ್ಪು ನನ್ನದೂ.

ನೆರೆ ಬಂದು ಹೋದ ವರ್ಷ ನೀವು ಮಟ್ಟಾಂಚೇರಿಯಿಂದ ಒಂದು ಕಟ್ಟು ಪದಿಮುಖ ತಂದಿರಿ, ನೀರಿಗೆ ಹಾಕಿ ಕುದಿಸಿದರೆ ಗುಲಾಬಿ ಬಣ್ಣ ಬಿಡುವ ಆ ಮರದ ಚಕ್ಕೆ. ಕುದಿಸದ ನೀರು ಇನ್ನು ಈ ಮನೆಯಲ್ಲಿ ಯಾರೂ ಕುಡಿಯಬಾರದು ಎಂದಿರಿ. “ಎಂತ, ಮುದುಕರಾದ ಮೇಲೆ ಮಲಯಾಳಿ ಆಗಲಿಕ್ಕೆ ಹೊರಟಿದ್ದೀರಾ?” ಎಂದು ಹೀಯಾಳಿಸಿದೆ. ನೀವು ನಕ್ಕಿರಿ. ಆ ನಗುವನ್ನು ನಾನು ನಂಬಿದೆನಲ್ಲ...

ಕಳೆದ ತಿಂಗಳು ಅನ್ನಮ್ಮ ಟೀಚರ್ ಕಾಮಾಲೆಯೆಂದು ಆಸ್ಪತ್ರೆ ಸೇರಿದರು. ಡಾಕ್ಟರು ಮೊದಲು ಕೇಳಿದ್ದೇ ಯಾವ ನೀರು ಕುಡಿಯುತ್ತೀರಿ ಎಂದು. ಆ ವಾರವೇ ಇನ್ನೆರಡು ಮನೆಯಲ್ಲಿ ಅದೇ ಕಾಯಿಲೆಯಿಂದ ಮಲಗಿದರು. ನಿಮ್ಮ ನಂತರ ಉಸ್ತುವಾರಿ ಹೊತ್ತ ಸಜೀವನ್, ವಲ್ಲಾರ್ಪಾಡಂ ಬಂದರಿನಲ್ಲಿ ಕ್ರೇನ್ ನಡೆಸುವವನು, ಹಲಗೆಯನ್ನು ಬಿಟ್ಟು ಎಲ್ಲವನ್ನೂ ಫೋನಿನ ಗ್ರೂಪಿಗೆ ಹಾಕುತ್ತಾನೆ. ಅವತ್ತು ಬಂದ ಮೆಸೇಜು ಇಷ್ಟೇ: ಮೋಟಾರು ಸುಟ್ಟಿದೆ, ಎರಡು ದಿನ ನೀರಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಅದನ್ನು ಓದುತ್ತಿದ್ದೇನೆ, ಗೋಡೆಯಾಚೆ ಮೋಟಾರು ಓಡುತ್ತಿದೆ! ಅಷ್ಟು ವರ್ಷ ಕೇಳಿದ ಸದ್ದು ನನಗೆ ತಿಳಿಯುವುದಿಲ್ಲವೇ? ಕೋಲು ಹಿಡಿದು ಹೋದೆ. ಸಜೀವನ್ ಬಾವಿಯ ನೀರೆಲ್ಲ ಚರಂಡಿಗೆ ಬಿಡುತ್ತಿದ್ದ. ಎರಡೂ ಕೈಗೆ ಮೊಣಕೈವರೆಗೆ ಬ್ಲೀಚಿಂಗ್ ಪುಡಿ.

“ಸಜೀವಾ, ಮೋಟಾರು ಸುಟ್ಟಿದೆ ಅಂತ ಬರೆದಿದ್ದೀಯ. ಹಾಗಾದರೆ ಇಲ್ಲಿ ಕೂಗುತ್ತಿರುವುದು ಯಾರು, ನಿನ್ನ ಅಜ್ಜನಾ?”

“ಅಯ್ಯೋ ಅಮ್ಮೇ, ಒಳಗೆ ಬರಬೇಡಿ, ಜಾರುತ್ತದೆ.”

“ನನ್ನ ಕಾಲಿನ ಚಿಂತೆ ನನಗಿರಲಿ. ನೀನು ಹೇಳು.”

“ಸಾರ್ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ ಅಮ್ಮೇ. ಯಾರಿಗೆ ಹೇಳಿದರೂ ನಿಮಗೆ ಹೇಳಬಾರದು ಅಂತ.”

“ಆಣೆ ಹಾಕಿಸಿದವರು ಹೋದರು. ನಾನು ಇಲ್ಲೇ ನಿಂತಿದ್ದೇನೆ.”

ಅವನು ಬಾವಿಗೆ ತಾಗಿದ ನಮ್ಮ ಕಾಂಪೌಂಡ್ ಗೋಡೆಯ ಕಡೆ ಕೈ ತೋರಿಸಿದ. ಗೋಡೆಯ ಈಚೆ ಬಾವಿ, ಆಚೆ ನನ್ನ ನೀಲಿ ಟೈಲಿನ ಬಚ್ಚಲು.

ಆಮೇಲೆ ಒಂದೊಂದೇ ಅವನ ಬಾಯಿಂದ ಹೊರಗೆ ಬಂತು. ಬಾವಿಗೆ ಇಷ್ಟು ಹತ್ತಿರ ಗುಂಡಿ ಬೇಡ ಸಾರ್ ಎಂದು ಗಾರೆಯವನು ಅವತ್ತೇ ಹೇಳಿದ್ದನಂತೆ. ನಾಲ್ಕೂ ಕಡೆ ಕಾಂಕ್ರೀಟು ಹಾಕಿದರೆ ಏನೂ ಆಗದು ಎಂದಿರಂತೆ. ನೆರೆಯಲ್ಲಿ ಅದು ಬಿರುಕು ಬಿಟ್ಟಿತು. ನೀವು, ಸಜೀವನ್ ಇಬ್ಬರೇ ಹೋಗಿ ನೀರು ಪರೀಕ್ಷೆ ಮಾಡಿಸಿದಿರಿ, ಹೊಲಸು ಸೇರಿದೆ ಎಂದು ಬಂತು, ಆ ಕಾಗದವನ್ನು ಹರಿದು ಹಾಕಿದಿರಿ. ತಿಂಗಳಿಗೊಮ್ಮೆ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಯಾರಿಗೂ ಏನೂ ಆಗುವುದಿಲ್ಲ, ಜನರನ್ನು ಸುಮ್ಮನೆ ಯಾಕೆ ಹೆದರಿಸುವುದು, ‘ಅವಳು ಕೇಳಿದರೆ ಒಡೆಸಿಯೇ ಬಿಡುತ್ತಾಳೆ, ಆ ಕಾಲಿನಲ್ಲಿ ಮೆಟ್ಟಿಲು ಹತ್ತುತ್ತಾಳೆ’ ಎಂದಿರಂತೆ. ನೀವಿದ್ದಷ್ಟು ದಿನ ಒಂದು ತಿಂಗಳೂ ತಪ್ಪಲಿಲ್ಲ. ಸಜೀವನ್‌ಗೆ ಪಾಳಿ ಬದಲಾಯಿತು, ಎರಡು ತಿಂಗಳು ತಪ್ಪಿತು. ಅಷ್ಟಕ್ಕೇ ಮೂರು ಮನೆ ಮಲಗಿತು.

ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಗುಂಡಿ ತೋಡಿಸಿದ್ದಕ್ಕಲ್ಲ. ಮನುಷ್ಯ ತಪ್ಪುತ್ತಾನೆ. ಆದರೆ ನಮ್ಮ ಒಂದು ಮನೆಗೆ ಮಾತ್ರ ಪದಿಮುಖ ತಂದಿರಲ್ಲ! ಹಲಗೆಯ ಮೇಲೆ ನೀರು ಚೆನ್ನಾಗಿದೆ ಎಂದು ಬರೆದು ಕೈಯ ಸೀಮೆಸುಣ್ಣ ಒರೆಸಿಕೊಂಡು ಬಂದು, ನನ್ನ ಲೋಟವನ್ನು ಬೆಳಕಿಗೆ ಹಿಡಿದು, ಕುದಿಸಿದೆಯಾ ಎಂದು ಕೇಳುತ್ತಿದ್ದಿರಲ್ಲ! ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ ಇರಬಹುದು. ಹಾಗಾದರೆ ಎದುರು ಮನೆಯವರು ನಿಮಗೆ ಏನಾಗಬೇಕಿತ್ತು? ಮೂವತ್ತು ವರ್ಷ ನಿಮ್ಮ ಅಕ್ಷರ ತಿದ್ದಿದವರು...

ತಿರುವನಂತಪುರಕ್ಕೆ ಫೋನು ಮಾಡಿ ವಸುಧೆಗೆ ಹೇಳಿದೆ. ಸರ್ಕಾರದ ಕಾನೂನು ಇಲಾಖೆಯಲ್ಲಿ ಇರುವವಳಲ್ಲವೇ, ಒಂದು ದಾರಿ ಹೇಳಿಯಾಳು ಎಂದುಕೊಂಡೆ. ಹೇಳಿದಳು.

“ಅಮ್ಮಾ, ನೀನು ಯಾರ ಹತ್ತಿರವೂ ಬಾಯಿಬಿಡಬೇಡ. ನಾಳೆ ಯಾರಾದರೂ ಕೇಸು ಹಾಕಿಯಾರು. ಗುಂಡಿ ರಿಪೇರಿ ಮಾಡಿಸು, ಮುಗಿಯಿತು. ಅಪ್ಪನ ಮರ್ಯಾದೆ ಯಾಕೆ ಕಳೆಯುವುದು?”

“ಮೂರು ಮನೆಯಲ್ಲಿ ಕಣ್ಣು ಹಳದಿ ಆಗಿದೆ ಮಾರಾಯ್ತಿ, ನಿನಗೆ ಮರ್ಯಾದೆಯ ಚಿಂತೆ.”

“ನಾನು ನಿನ್ನ ಒಳ್ಳೆಯದಕ್ಕೇ ಹೇಳುವುದು.”

“ಗೊತ್ತು. ನಿನ್ನ ಅಪ್ಪನೂ ಹಾಗೇ ಹೇಳುತ್ತಿದ್ದರು.”

ಫೋನು ಇಟ್ಟೆ. ಅವತ್ತಿನಿಂದ ಅವಳು ಮಾತು ಬಿಟ್ಟಿದ್ದಾಳೆ. ಮೊಮ್ಮಗಳು ಮಾತ್ರ ದಿನಾ ಫೋನು ಮಾಡುತ್ತಾಳೆ, ‘ಅಮ್ಮಮ್ಮ ಓಕೆಯಲ್ಲೇ?’ ಎಂದು ಮಲಯಾಳದಲ್ಲಿ ಕೇಳುತ್ತಾಳೆ. ಓಕೆ ಎನ್ನುತ್ತೇನೆ.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟೆ. ಓಣಿಯ ತುದಿಯಿಂದ ಶುರುಮಾಡಿದೆ. ಒಳಗೆ ಬನ್ನಿ ಎಂದರೂ ಹೋಗಲಿಲ್ಲ. ಗೇಟಿನಲ್ಲೇ ನಿಂತು ನನಗೆ ಬರುವ ಮಲಯಾಳದಲ್ಲಿ ಹೇಳಿದೆ: ನಮ್ಮ ಮನೆಯ ಪಾಯಿಖಾನೆಯ ಗುಂಡಿ ಸೋರಿ ಬಾವಿಗೆ ಸೇರುತ್ತಿದೆ, ಆ ನೀರು ಕುಡಿಯಬೇಡಿ, ಪಾತ್ರೆಗೂ ಬೇಡ. ಒಂದು ಮನೆಯವರು ಕೇಳಿಯೇಬಿಟ್ಟರು, ಸಾರಿಗೆ ಗೊತ್ತಿರಲಿಲ್ಲವೇ ಎಂದು. “ಗೊತ್ತಿತ್ತು. ಶಂಕರನಾರಾಯಣರಿಗೆ ಗೊತ್ತಿತ್ತು” ಎಂದೆ. ನಲವತ್ತಾರು ವರ್ಷದ ಸಂಸಾರದಲ್ಲಿ ನಿಮ್ಮ ಹೆಸರು ಬಾಯಿಂದ ಆಡಿದವಳಲ್ಲ. ಆಡಿದೆ. ಉಳಿದ ಗೇಟುಗಳಲ್ಲಿ ಅವರು ಕೇಳುವ ಮೊದಲೇ ಹೇಳಿದೆ. ಒಬ್ಬರು ಬೈದರು. ಒಬ್ಬರು ನನ್ನ ಕಣ್ಣೆದುರೇ ಬಾಗಿಲು ಹಾಕಿಕೊಂಡರು. ನಿಮ್ಮ ಪಾಲಿನ ಬೈಗುಳವನ್ನೂ ನಾನೇ ತಿಂದೆ, ತಿಳಿಯಿತೇ?

ಕೊನೆಗೆ ಆಸ್ಪತ್ರೆಗೆ ಹೋದೆ. ಟೀಚರು ಪೂರ್ತಿ ಕೇಳಿದರು. ಆಮೇಲೆ ತುಂಬ ನಿಧಾನವಾಗಿ ಕೇಳಿದರು: “ನಿಮ್ಮ ಮನೆಗೆ ಬಂದಾಗ ಗುಲಾಬಿ ನೀರು ಕೊಡುತ್ತಿದ್ದಿರಲ್ಲ ಚೇಚೀ. ಬಣ್ಣ ಎಷ್ಟು ಚಂದ ಅಂದಿದ್ದೆ. ಅದು ಇದಕ್ಕಾಗಿತ್ತೇ?” ನನಗೆ ಗೊತ್ತಿರಲಿಲ್ಲ ಎಂದೆ. “ಸಾರಿಗೆ ಗೊತ್ತಿತ್ತು” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅರ್ಧ ಗಂಟೆ ಕೂತಿದ್ದೆ. ತಿರುಗಲಿಲ್ಲ. ಈಗ ಮನೆಗೆ ಬಂದಿದ್ದಾರೆ, ನಡೆದಾಡುತ್ತಾರೆ. ನನ್ನ ಜೊತೆ ಮಾತಿಲ್ಲ. ಅದನ್ನು ನಾನು ಕೇಳಿ ಪಡೆಯುವುದಕ್ಕೂ ಆಗುವುದಿಲ್ಲ.

ಸಜೀವನನ್ನು ತೆಗೆದುಹಾಕಿ ಎಂದು ಕೆಲವರು ಅಂದರು. ನಾನು ಒಪ್ಪಲಿಲ್ಲ. ಮೋಟಾರಿನ ಕೆಲಸ ಅವನಿಗೆ ಗೊತ್ತಿದೆ, ಅವನೇ ಮಾಡಲಿ. ಪರೀಕ್ಷೆಯ ಕಾಗದ ಮಾತ್ರ ನನ್ನ ಕೈಗೆ ಬರಬೇಕು. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಬಂದ ದಿನವೇ ನಮ್ಮ ಗೇಟಿಗೆ ಅಂಟಿಸುತ್ತೇನೆ. ಮೊದಲನೆಯದು ಕೆಟ್ಟದ್ದೇ ಬಂತು, ಅಂಟಿಸಿದ್ದೇನೆ. ಬಾವಿಗೆ ಬೀಗ. ನೀರು ಲಾರಿಯಲ್ಲಿ ಬರುತ್ತದೆ.

ಗಾರೆಯವನು ಬಂದು, “ಅಮ್ಮೇ, ರಸ್ತೆಯ ಬದಿಗೆ ಹೊಸದೊಂದು ಕಟ್ಟಿ ಆಮೇಲೆ ಇದನ್ನು ಒಡೆಯೋಣ, ಅಲ್ಲಿಯವರೆಗೆ ನಿಮಗೆ ಕಷ್ಟ” ಎಂದ. ಮೊದಲು ಒಡೆ ಎಂದೆ. ಶನಿವಾರ ಬಚ್ಚಲಿನ ಗೋಡೆ ಬಿತ್ತು. ಸ್ಟೀಲಿನ ಕಂಬಿಯನ್ನು ಏನು ಮಾಡಲಿ ಎಂದು ಕೇಳಿದ, ಕೊಂಡುಹೋಗು ಎಂದೆ. ಗುಂಡಿಯನ್ನು ಖಾಲಿ ಮಾಡಿಸಿ, ಕಲ್ಲು ಮಣ್ಣು ತುಂಬಿಸಿ, ನಿನ್ನೆ ಸಂಜೆ ನಾನೇ ನಿಂತು ಮೇಲೆ ಕಾಂಕ್ರೀಟು ಹಾಕಿಸಿದೆ. ಹಾಸಿಗೆಯನ್ನು ಮಾಳಿಗೆಗೆ ಸಾಗಿಸಿದ್ದಾಯಿತು. ಇದನ್ನು ಅಲ್ಲೇ ಕೂತು ಬರೆಯುತ್ತಿದ್ದೇನೆ. ಹದಿನೇಳು ಮೆಟ್ಟಿಲು, ಒಂದೊಂದಕ್ಕೂ ನಿಮ್ಮನ್ನು ಬೈದುಕೊಂಡೇ ಹತ್ತಿದೆ.

ನಿಮ್ಮ
ಸಾವಿತ್ರಿ